ಪೆಟ್ಟಿಗೆಯಲ್ಲಿನ ಗ್ರಂಥ, ಹೃದಯದಲ್ಲಿನ ಜ್ಞಾನ

ಅಂಗೈಯಗಲದ ಇ-ರೀಡರ್ ಒಂದರಲ್ಲಿ ಇಂದು ಸಾವಿರಾರು ಗ್ರಂಥಗಳು ಅಡಗುತ್ತವೆ. ತಫ್ಸೀರ್, ಹದೀಸ್, ಚರಿತ್ರೆ, ಮಕ್ಕಳ ಕಥೆ ಎಲ್ಲವನ್ನೂ ನಾವು ಇಳಿಸಿಕೊಂಡು ತುಂಬುತ್ತೇವೆ. ಆದರೆ ಬೇಕಾದ ಹೊತ್ತಿಗೆ ಬೇಕಾದ ಗ್ರಂಥ ಸಿಗುವುದಿಲ್ಲ. ಹೆಸರಿರಬೇಕಾದ ಕಡೆ ಬರೀ ಅಂಕಿಗಳು, ಒಂದೇ ಗ್ರಂಥದ ಮೂರು ಪ್ರತಿಗಳು! ಈ ತೊಡಕು ನಮ್ಮ ಕಾಲದ್ದು ಮಾತ್ರವಲ್ಲ. ನಮ್ಮ ಪೂರ್ವಿಕರೂ ಇದನ್ನು ಎದುರಿಸಿದ್ದರು.

8ನೇ ಶತಮಾನದ ಕೊನೆಯ ವೇಳೆಗೆ ಬಗ್ದಾದಿನಲ್ಲಿ ಕಾಗದದ ತಯಾರಿಕೆ ಆರಂಭವಾಯಿತು. ಚರ್ಮದ ಹಾಳೆಗಿಂತ ಅಗ್ಗವಾದ ಈ ಕಾಗದದಿಂದ ಗ್ರಂಥಗಳ ಸಂಖ್ಯೆ ಬಹಳವಾಗಿ ಬೆಳೆಯಿತು. ಗ್ರಂಥಗಳನ್ನು ನಕಲು ಮಾಡಿ ಮಾರುವ 'ವರ್ರಾಕ್'ಗಳ ಒಂದು ವರ್ಗವೇ ಹುಟ್ಟಿಕೊಂಡಿತು. ಗ್ರಂಥಗಳು ಹೆಚ್ಚಿದಂತೆ ಅವುಗಳನ್ನು ಗುರುತಿಸುವುದೇ ಒಂದು ವಿದ್ಯೆಯಾಯಿತು.

ಅಂತಹ ಒಬ್ಬ ವರ್ರಾಕನ ಮಗ ಇಬ್ನು ನದೀಮ್. ಅವರು ಕ್ರಿ.ಶ. 987ರ ಸುಮಾರಿಗೆ, ಅಂದರೆ ಹಿಜರಿ 377ರಲ್ಲಿ, 'ಅಲ್ ಫಿಹ್ರಿಸ್ತ್' ಎಂಬ ಸೂಚಿಯನ್ನು ರಚಿಸಿದರು. ಅರಬಿಯಲ್ಲಿ ದೊರೆಯುತ್ತಿದ್ದ ಗ್ರಂಥಗಳನ್ನು ಅವರು ಹತ್ತು ವಿಭಾಗಗಳಲ್ಲಿ ಜೋಡಿಸಿದರು. ಧರ್ಮಗ್ರಂಥಗಳು, ವ್ಯಾಕರಣ, ಚರಿತ್ರೆ, ಕಾವ್ಯ, ಕಲಾಮ್, ಫಿಕ್‌ಹ್, ತತ್ವಶಾಸ್ತ್ರ ಹೀಗೆ ಪ್ರತಿಯೊಂದಕ್ಕೂ ಅದರದೇ ಸ್ಥಾನವಿತ್ತು. ಕವಿಗಳ ಕೃತಿಗಳು ಎಷ್ಟು ಹಾಳೆಗಳಷ್ಟಿವೆ ಎಂಬುದನ್ನೂ ಅವರು ದಾಖಲಿಸಿದರು. ಅವರು ಹೆಸರಿಸಿದ ಅಸಂಖ್ಯ ಗ್ರಂಥಗಳು ಇಂದು ಉಳಿದಿಲ್ಲ. ಅವುಗಳಲ್ಲಿ ಎಷ್ಟೋ ಗ್ರಂಥಗಳು ಒಮ್ಮೆ ಇದ್ದವು ಎಂಬುದಕ್ಕೆ ಆ ಸೂಚಿಯೊಂದೇ ಸಾಕ್ಷಿ.

ಅದೇ ಶತಮಾನದ ಕೊನೆಯಲ್ಲಿ ತರುಣ ಇಬ್ನು ಸೀನಾ ಬುಖಾರಾದ ಸುಲ್ತಾನ ನೂಹ್ ಇಬ್ನು ಮನ್ಸೂರರ ಚಿಕಿತ್ಸೆಯಲ್ಲಿ ಪಾಲ್ಗೊಂಡು, ಅವರ ಗ್ರಂಥಾಲಯವನ್ನು ಪ್ರವೇಶಿಸುವ ಅನುಮತಿ ಪಡೆದರು. ಅಲ್ಲಿ ಹಲವು ಕೋಣೆಗಳಿದ್ದವು. ಒಂದರಲ್ಲಿ ಅರಬಿ ಭಾಷೆ ಮತ್ತು ಕಾವ್ಯ, ಇನ್ನೊಂದರಲ್ಲಿ ಫಿಕ್‌ಹ್, ಹೀಗೆ ವಿಷಯಕ್ಕೊಂದು ಕೋಣೆ. ಇಬ್ನು ಸೀನಾ ಕಂಡ ಪೆಟ್ಟಿಗೆಗಳನ್ನೆಲ್ಲ ತೆರೆಯಲು ಹೋಗಲಿಲ್ಲ. ಪ್ರಾಚೀನರ ಗ್ರಂಥಗಳ ಸೂಚಿಯನ್ನು ನೋಡಿ, ತಮಗೆ ಅಗತ್ಯವಾದವುಗಳನ್ನು ಕೇಳಿ ಪಡೆದು ಓದಿದರು. ಇದನ್ನು ಅವರೇ ತಮ್ಮ ಆತ್ಮಕಥನದಲ್ಲಿ ತಿಳಿಸಿದ್ದಾರೆ.

ಆದರೆ ಜೋಡಿಸಿಟ್ಟರಷ್ಟೇ ಸಾಕೇ? ಇಮಾಮ್ ಗಝಾಲಿ(ರ)ಯವರ ಜೀವನದ ಪ್ರಸಂಗವೊಂದು ಇದಕ್ಕೆ ಉತ್ತರ ನೀಡುತ್ತದೆ. ಯೌವನದಲ್ಲಿ ಜುರ್ಜಾನಿನಿಂದ ತೂಸ್‌ಗೆ ಮರಳುವಾಗ ದರೋಡೆಕೋರರು ಅವರ ಸಾಮಾನುಗಳನ್ನೆಲ್ಲ ದೋಚಿದರು. ಪಾಠದ ಟಿಪ್ಪಣಿಗಳನ್ನಾದರೂ ಮರಳಿಸುವಂತೆ ಅವರು ಬೇಡಿಕೊಂಡರು. ಚೀಲ ಕಸಿದೊಡನೆ ಹೋಗಿಬಿಡುವ ಜ್ಞಾನ ಎಂತಹ ಜ್ಞಾನವೆಂದು ದರೋಡೆಕೋರರ ನಾಯಕನು ನಕ್ಕು, ಟಿಪ್ಪಣಿಗಳನ್ನು ಮರಳಿಸಿದನು. ಆ ಮಾತು ಅವರ ಮನಸ್ಸಿಗೆ ನಾಟಿತು. ಊರಿಗೆ ಮರಳಿ ಮೂರು ವರ್ಷಗಳ ಕಾಲ ಅವೆಲ್ಲವನ್ನೂ ಕಂಠಪಾಠ ಮಾಡಿದರೆಂದು ಚರಿತ್ರೆಕಾರರು ಬರೆದಿದ್ದಾರೆ.

ನಮ್ಮ ಇ-ರೀಡರ್‌ಗೆ ಈ ಎರಡೂ ಪಾಠಗಳು ಅನ್ವಯಿಸುತ್ತವೆ. ಪ್ರತಿ ಕಡತಕ್ಕೂ ಗ್ರಂಥದ ಹೆಸರು, ಲೇಖಕರ ಹೆಸರು, ವಿಷಯ ಇವುಗಳನ್ನು ಸರಿಯಾಗಿ ನಮೂದಿಸೋಣ. ಕಂಪ್ಯೂಟರಿನಲ್ಲಿ ಕ್ಯಾಲಿಬರ್‌ನಂತಹ ಉಚಿತ ತಂತ್ರಾಂಶವು ಈ ಕೆಲಸವನ್ನು ಸುಲಭಗೊಳಿಸುತ್ತದೆ. ಸಂಗ್ರಹದ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಕಾಪಾಡೋಣ. ಇತರರ ಶ್ರಮದ ಫಲವನ್ನು ಅನುಮತಿಯಿಲ್ಲದೆ ನಕಲು ಮಾಡದಿರೋಣ. ಈಗ ಓದುತ್ತಿರುವ ನಾಲ್ಕೈದು ಗ್ರಂಥಗಳನ್ನು ಮಾತ್ರ ಮೇಲಿಟ್ಟು, ಉಳಿದವನ್ನು ವಿಷಯವಾರು ಜೋಡಿಸೋಣ. ಓದಿ ಮುಗಿಸಿದ ಮೇಲೆ ಅದರ ಸಾರವನ್ನು ಮನೆಯವರೊಂದಿಗೆ ಹಂಚಿಕೊಳ್ಳೋಣ.

ಯಂತ್ರ ಕೆಟ್ಟುಹೋದ ದಿನ ನಮ್ಮಲ್ಲಿ ಉಳಿಯುವುದೇನು? ಆ ದರೋಡೆಕೋರನ ಪ್ರಶ್ನೆ ಇಂದು ನಮ್ಮ ಮುಂದಿದೆ. ಪ್ರಯೋಜನವಿಲ್ಲದ ಜ್ಞಾನದಿಂದ ಪ್ರವಾದಿ(ಸ)ಯವರು ಅಲ್ಲಾಹನ ಅಭಯ ಕೋರುತ್ತಿದ್ದರು. ತೆರೆಯದ ಗ್ರಂಥದಿಂದ ಯಾರಿಗೆ ತಾನೇ ಪ್ರಯೋಜನ? ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಪ್ರಯೋಜನಕಾರಿ ಜ್ಞಾನವನ್ನು ಅನುಗ್ರಹಿಸಲಿ.