ಮೆಟ್ಟುಗಳ ನಡುವಣ ಧೂಳು

ದುರ್ಗದ ಸಂಗೀತವೆಂದೊಡನೆ ನಮ್ಮ ಸೀಮೆಯವರ ನೆನಪಿಗೆ ಬರುವುದು ತ.ರಾ.ಸು. ಅವರ ‘ಹಂಸಗೀತೆ’. 1952ರ ಆ ಕಾದಂಬರಿ 1975ರಲ್ಲಿ ಜಿ.ವಿ. ಅಯ್ಯರ್ ಅವರ ಚಲನಚಿತ್ರವಾಗಿ, ಚಿತ್ರದುರ್ಗದ ಗಾಯಕನೊಬ್ಬನನ್ನು ನಾಡಿನ ಮನೆಮಾತಾಗಿಸಿತು. ಹಾಡಿದ ಕಂಠಕ್ಕೆ ಹೀಗೆ ಒಂದು ಚರಿತ್ರೆ ದೊರೆಯಿತು. ವಾದ್ಯದ ತಂತಿ ಬಿಚ್ಚಿ, ಧೂಳು ಒರೆಸಿ, ಮೆಟ್ಟುಗಳನ್ನು ಸರಿಪಡಿಸಿದ ಕೈಗಳಿಗೆ ಮಾತ್ರ ಅದು ದೊರೆಯಲಿಲ್ಲ. ಈ ಕಿರುಕೆಲಸದ ಹಿಂದೆಯೂ ಶತಮಾನಗಳ ಕಥೆಯಿದೆ.

ಇಂದು ಹಿರಿಯೂರು, ಹೊಳಲ್ಕೆರೆಗಳ ತರುಣರ ಕೈಯಲ್ಲಿಯೂ ಗಿಟಾರನ್ನು ಕಾಣಬಹುದು. ತಂತಿ ಬದಲಿಸುವಾಗ ಅವರು ಮೆಟ್ಟುಗಳ ಬದಿಯಲ್ಲಿ ಗಟ್ಟಿಯಾದ ಬೆವರಿನ ಕೊಳೆಯನ್ನು ಮೆದುಬಟ್ಟೆಯಿಂದ ತೆಗೆದು, ಒಣಗಿದ ಮರಕ್ಕೆ ಒಂದೆರಡು ತೊಟ್ಟು ಎಣ್ಣೆ ಸವರುತ್ತಾರೆ. ಗಿಟಾರಿನ ಮೆಟ್ಟುಗಳು ಮರದಲ್ಲಿ ಕೊರೆದ ಸೀಳುಗಳೊಳಗೆ ನಾಟಿರುವುದರಿಂದ ಎಷ್ಟು ಒರೆಸಿದರೂ ಸ್ವರಸ್ಥಾನ ಕದಲುವುದಿಲ್ಲ. ಆ ಮರ ಹಲವು ವೇಳೆ ನಮ್ಮ ಬೀಟೆಯೇ! ಬ್ರೆಜಿಲಿನ ಬೀಟೆಯ ವ್ಯಾಪಾರಕ್ಕೆ 1992ರಲ್ಲಿ ಅಂತರರಾಷ್ಟ್ರೀಯ ನಿರ್ಬಂಧ ಬಿದ್ದ ಮೇಲೆ ಭಾರತದ ಬೀಟೆಗೆ ಗಿಟಾರು ತಯಾರಕರಲ್ಲಿ ಬೇಡಿಕೆ ಹೆಚ್ಚಿತು. ಮೈಸೂರು ವೀಣೆಯೂ ಅದೇ ಮರದಿಂದ ರೂಪುಗೊಂಡದ್ದು.

ಮರ ಒಂದೇ ಆದರೂ ಆರೈಕೆ ಬೇರೆ. ವೀಣೆಯ 24 ಲೋಹದ ಮೆಟ್ಟುಗಳು ಮರಕ್ಕೆ ನಾಟಿದವಲ್ಲ. ಕಪ್ಪು ಬೆರೆಸಿದ ಜೇನುಮೇಣದ ಎರಡು ದಿಂಡುಗಳ ಮೇಲೆ ಕೂತವು. ಸ್ವರಗಳ ಇಡೀ ಸೋಪಾನವೇ ಮೇಣದ ಮೇಲೆ ನಿಂತಿದೆಯೆಂದರೆ ಅತಿಶಯೋಕ್ತಿಯಲ್ಲ.

ಈ ಪದ್ಧತಿ ಬಲು ಹಳೆಯದು. 12ನೆಯ ಶತಮಾನದ ಶರಣ ಕಿನ್ನರಿ ಬೊಮ್ಮಯ್ಯನ ಹೆಸರಿನಲ್ಲಿಯೇ ಇರುವ ಕಿನ್ನರಿ, ಮೆಟ್ಟುಗಳುಳ್ಳ ತಂತಿವಾದ್ಯ. ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು 13ನೆಯ ಶತಮಾನದ ‘ಸಂಗೀತರತ್ನಾಕರ’ದಲ್ಲಿ ಕಿನ್ನರಿಗೆ ರಣಹದ್ದಿನ ಎಲುಬಿನ ಮೆಟ್ಟುಗಳನ್ನು ಹೇಳಿದ್ದಾನೆ. ವಿಜಯನಗರದ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯನು 1550ರಲ್ಲಿ ರಚಿಸಿದ ‘ಸ್ವರಮೇಳಕಲಾನಿಧಿ’ಯು ಒಂದೇ ರಾಗಕ್ಕೆ ಮೆಟ್ಟುಗಳನ್ನು ಹೊಂದಿಸಿದ ವೀಣೆಯನ್ನೂ ಎಲ್ಲ ರಾಗಗಳಿಗೂ ಒದಗುವ ವೀಣೆಯನ್ನೂ ಬೇರೆಬೇರೆಯಾಗಿ ವಿವರಿಸುತ್ತದೆ. ದುರ್ಗದ ನಾಯಕರು ಅದೇ ವಿಜಯನಗರದ ಸಾಮಂತರಾಗಿ ತಲೆಯೆತ್ತಿದವರು. ಇಂದಿನ 24 ಮೆಟ್ಟುಗಳ ವೀಣೆ ನೆಲೆಗೊಂಡದ್ದು 17ನೆಯ ಶತಮಾನದ ತಂಜಾವೂರಿನಲ್ಲಿ. ರಘುನಾಥ ನಾಯಕನಿಗೂ ಅವನ ಮಂತ್ರಿ, ಕನ್ನಡ ಮೂಲದ ಗೋವಿಂದ ದೀಕ್ಷಿತನಿಗೂ ಪರಂಪರೆ ಆ ಶ್ರೇಯವನ್ನು ಸಲ್ಲಿಸುತ್ತದೆ.

ಮೆಟ್ಟುಗಳನ್ನು ಮೇಣದಲ್ಲಿ ಕೂರಿಸುವುದಕ್ಕೆ ‘ಮೇಳ ಕಟ್ಟುವುದು’ ಎನ್ನುತ್ತಾರೆ. ರಾಗಗಳ ಕುಲಕ್ಕೂ ಮೇಳವೆಂದೇ ಹೆಸರು. ಶಾಸ್ತ್ರದ ಮಾತೂ ಕುಶಲಕರ್ಮಿಯ ಮಾತೂ ಇಲ್ಲಿ ಒಂದಾಗಿವೆ. 12ನೆಯ ಮೆಟ್ಟು ತಂತಿಯ ನಡುಮಧ್ಯದಲ್ಲಿ ಬಂದು ಮೇಲಿನ ಷಡ್ಜವನ್ನು ನುಡಿಸುತ್ತದೆ, ಗಿಟಾರಿನಲ್ಲಿಯೂ ಹಾಗೆಯೇ. ಉಳಿದ ಮೆಟ್ಟುಗಳನ್ನು ಮೇಳ ಕಟ್ಟುವವನು ಮೇಣ ಮೆದುಮಾಡಿ, ಮೀಟಿ, ಆಲಿಸಿ, ಕೂದಲೆಳೆಯಷ್ಟು ಸರಿಸಿ ನಿಲ್ಲಿಸುತ್ತಾನೆ. ಅವನಿಗೆ ಕಿವಿಯೇ ಅಳತೆಗೋಲು.

ಇನ್ನು ನಮ್ಮ ಸೀಮೆಯ ಹವೆಯನ್ನು ನೆನೆಯಿರಿ. ಹಿರಿಯೂರಿನ ಬಿಸಿಲು, ಹೊಸದುರ್ಗದ ಗುಡ್ಡಗಳಲ್ಲಿ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿ, ಅದು ಹೊತ್ತು ತರುವ ಧೂಳು! ಶಾಖಕ್ಕೆ ಮೇಣ ಸಡಿಲಿ ಮೆಟ್ಟು ವಾಲುತ್ತದೆ. ಬೆರಳು ಜಾರಲೆಂದು ಹಚ್ಚಿದ ಎಣ್ಣೆ ಧೂಳಿನೊಡನೆ ಬೆರೆತು ಮೆಟ್ಟುಗಳ ನಡುವೆ ಜಿಡ್ಡಾಗುತ್ತದೆ. ಉಕ್ಕಿನ ತಂತಿ ಉಜ್ಜಿ ಉಜ್ಜಿ ಲೋಹದಲ್ಲಿ ಗೀರು ಮೂಡಿಸುತ್ತದೆ. ಆದ್ದರಿಂದ ತಂತಿಗಳನ್ನು ಒಂದೊಂದಾಗಿ ಬದಲಿಸುತ್ತ, ಅದರ ಕೆಳಗಿನ ಜಾಗವನ್ನು ಒಣ ಹತ್ತಿಬಟ್ಟೆಯಿಂದ ಹಗುರಾಗಿ ಒರೆಸಬೇಕು. ನೀರು, ಸೀಮೆಎಣ್ಣೆ ಸಲ್ಲವು. ಗಿಟಾರಿಗೆ ಹಿತವಾದ ಎಣ್ಣೆಯೂ ಇಲ್ಲಿ ಮೇಣಕ್ಕೆ ಶತ್ರು.

ಮೆಟ್ಟು ನಾಟಿದ ವಾದ್ಯವನ್ನು ಹತ್ತು ವರ್ಷ ಮೂಲೆಯಲ್ಲಿಟ್ಟರೂ ಹೊಸ ತಂತಿ ಕಟ್ಟಿ ನುಡಿಸಬಹುದು. ವೀಣೆ ಅಂಥದಲ್ಲ. ಅದಕ್ಕೆ ನುಡಿಸುವವರಷ್ಟೇ ಮೇಳ ಕಟ್ಟುವವರೂ ಬೇಕು. ಆ ವಿದ್ಯೆ ಪುಸ್ತಕದಿಂದ ಬಾರದು. ಕೈಯಿಂದ ಕೈಗೆ, ಕಿವಿಯಿಂದ ಕಿವಿಗೆ ದಾಟಬೇಕು. ಮನೆಯ ಗೋಡೆಗೊರಗಿದ ವೀಣೆಯಿದ್ದವರು ಗವುಸು ತೆಗೆದು ಒಮ್ಮೆ ಮೆಟ್ಟುಗಳನ್ನು ನೋಡಲಿ. ಮೇಣ ಬಿರಿದಿದ್ದರೆ ಬಲ್ಲವರನ್ನು ಕರೆಸಿ, ಪಕ್ಕದಲ್ಲಿ ಮಕ್ಕಳನ್ನೂ ಕೂರಿಸಿಕೊಳ್ಳಲಿ.