ಅಂಜಿಕೆಯ ನಡುವಿನ ಆಯ್ಕೆ: 1378ರ ರೋಮ್ ಮತ್ತು ಫ್ಲಾರೆನ್ಸ್

ಮಧ್ಯಯುಗದ ಕೊನೆಯ ಯುರೋಪಿನ ಚರಿತ್ರೆಯಲ್ಲಿ 1378 ಎರಡು ಬೇರೆ ಬೇರೆ ಅಧ್ಯಾಯಗಳಲ್ಲಿ ಕಾಣಿಸಿಕೊಳ್ಳುತ್ತದೆ. ಧರ್ಮದ ಚರಿತ್ರೆಗೆ ಅದು ಪೋಪ್ ಪೀಠ ಒಡೆದ ವರ್ಷ. ಆರ್ಥಿಕ ಚರಿತ್ರೆಗೆ ಫ್ಲಾರೆನ್ಸಿನ ‘ಚೊಂಪಿ’ಗಳು, ಅಂದರೆ ಉಣ್ಣೆ ಕೆಲಸಗಾರರು, ದಂಗೆಯೆದ್ದ ವರ್ಷ. ಇವೆರಡನ್ನೂ ಜೊತೆಗಿಟ್ಟು ಓದಬೇಕೆಂಬುದು ಈ ಲೇಖನದ ವಾದ. ಜನಸಮೂಹದ ಒತ್ತಡದಲ್ಲಿ ಆದ ತೀರ್ಮಾನ ಸಿಂಧುವೇ ಎಂಬ ಪ್ರಶ್ನೆ ಎರಡೂ ನಗರಗಳಲ್ಲಿ ಎದ್ದಿತ್ತು.

ಮೊದಲು ರೋಮ್. ಅವಿನ್ಯೊನ್‌ನಿಂದ ಪೀಠವನ್ನು ಮರಳಿ ತಂದಿದ್ದ ಹನ್ನೊಂದನೆಯ ಗ್ರೆಗರಿ ಮಾರ್ಚ್ 27ರಂದು ತೀರಿಕೊಂಡ. ಏಪ್ರಿಲ್ 7ರಂದು ಸಭೆ ಸೇರಿದ 16 ಕಾರ್ಡಿನಲ್‌ಗಳಲ್ಲಿ 11 ಮಂದಿ ಫ್ರೆಂಚರು. ರೋಮಿನವನು, ಇಲ್ಲವೇ ಇಟಲಿಯವನಾದರೂ ಪೋಪ್ ಆಗಬೇಕೆಂದು ಹೊರಗೆ ಜನ ಕೂಗುತ್ತಿದ್ದರು. ಮರುದಿನ ಬಾರಿಯ ಆರ್ಚ್‌ಬಿಷಪ್ ಬಾರ್ತೊಲೊಮಿಯೊ ಪ್ರಿನ್ಯಾನೊ ಆಯ್ಕೆಯಾದ. ಸುದ್ದಿ ಹೊರಬೀಳುವ ಮೊದಲೇ ಜನ ಒಳನುಗ್ಗಿದರು. ಕಂಗೆಟ್ಟ ಕಾರ್ಡಿನಲ್‌ಗಳು ವೃದ್ಧ ರೋಮನ್ ಕಾರ್ಡಿನಲ್ ತೆಬಾಲ್ದೆಸ್ಕಿಗೆ ಪೋಪನ ವೇಷ ತೊಡಿಸಿ ಗುಂಪಿನೆದುರು ಕೂರಿಸಿದರು.

ಈ ಭಯ ನಿಜವಾದದ್ದೇ. ಆದರೆ ಏಪ್ರಿಲ್ 18ರ ಈಸ್ಟರ್ ದಿನ ಅದೇ ಕಾರ್ಡಿನಲ್‌ಗಳು ಪ್ರಿನ್ಯಾನೊಗೆ ಆರನೆಯ ಅರ್ಬನ್ ಎಂಬ ಹೆಸರಿನಲ್ಲಿ ಕಿರೀಟ ತೊಡಿಸಿದರು. ಅವನಿಂದ ಅನುಗ್ರಹಗಳನ್ನೂ ಬೇಡಿದರು. ಹೊಸ ಪೋಪ್ ಅವರ ಆಡಂಬರವನ್ನು ಎಲ್ಲರೆದುರು ಹಳಿಯತೊಡಗಿದ ಮೇಲಷ್ಟೇ ಭಯದ ಮಾತು ಬಂತು. ಆಗಸ್ಟ್ 9ರಂದು ಅನಾನಿಯಿಂದ ಆಯ್ಕೆ ಅಸಿಂಧುವೆಂದು ಸಾರಿ, ಸೆಪ್ಟೆಂಬರ್ 20ರಂದು ಫೋಂದಿಯಲ್ಲಿ ಜಿನೀವಾದ ರಾಬರ್ಟನನ್ನು ಏಳನೆಯ ಕ್ಲೆಮೆಂಟ್ ಎಂದು ಆರಿಸಿದರು.

ಈಗ ಫ್ಲಾರೆನ್ಸಿನ ಸಂಗತಿ. ಪೋಪನೊಂದಿಗೆ 1375ರಿಂದ ನಡೆಯುತ್ತಿದ್ದ ಯುದ್ಧ ಮತ್ತು 1376ರ ಧಾರ್ಮಿಕ ಬಹಿಷ್ಕಾರ ಅಲ್ಲಿನ ವ್ಯಾಪಾರಕ್ಕೆ ಪೆಟ್ಟು ಕೊಟ್ಟಿದ್ದವು. ನಗರದ 21 ವೃತ್ತಿಸಂಘಗಳಲ್ಲಿ ಉಣ್ಣೆ ಹಿಂಜುವ, ಬಾಚುವ, ತೊಳೆಯುವ ಕೂಲಿಗಳಿಗೆ ಜಾಗವಿರಲಿಲ್ಲ. ಅವರನ್ನು ಶಿಕ್ಷಿಸಲು ಉಣ್ಣೆ ಸಂಘಕ್ಕೆ ತನ್ನದೇ ಅಧಿಕಾರಿಯಿದ್ದ. ವರ್ತಕರ ವ್ಯವಹಾರ ಚಿನ್ನದ ಫ್ಲಾರಿನ್‌ನಲ್ಲಿ, ಕೂಲಿ ಮಾತ್ರ ಬೆಲೆ ಕುಗ್ಗುತ್ತಿದ್ದ ಚಿಲ್ಲರೆ ನಾಣ್ಯದಲ್ಲಿ. ಕೂಲಿಗಳನ್ನು ಸಂಘಟಿಸಲು ಹೊರಟ ಚೂತೊ ಬ್ರಾಂದೀನಿಯನ್ನು 1345ರಲ್ಲೇ ಗಲ್ಲಿಗೇರಿಸಲಾಗಿತ್ತು.

ಜುಲೈನಲ್ಲಿ ಸಂಚಿನ ಸುಳಿವು ಸಿಕ್ಕ ಆಡಳಿತಗಾರರು ಸಿಮೊನ್ಚೀನೊ ಎಂಬ ಕೆಲಸಗಾರನನ್ನು ಅರಮನೆಯಲ್ಲಿ ಹಿಂಸಿಸಿ ಬಾಯಿಬಿಡಿಸಿದರು. ಅಲ್ಲಿ ಗಡಿಯಾರ ದುರಸ್ತಿ ಮಾಡುತ್ತಿದ್ದ ನಿಕೊಲೊ ಆ ಚೀರಾಟ ಕೇಳಿ ಓಡಿದ; ತನ್ನ ಕೇರಿಯವರನ್ನು ಎಬ್ಬಿಸಿದ. ಚರ್ಚುಗಳ ಗಂಟೆಗಳು ಒಂದಾದ ಮೇಲೊಂದು ಮೊಳಗಿದವು. ಜುಲೈ 22ರಂದು ಅರಮನೆ ದಂಗೆಕೋರರ ಕೈಸೇರಿತು. ಉಣ್ಣೆ ಬಾಚುವ ಮಿಕೆಲೆ ದಿ ಲಾಂದೊ ‘ನ್ಯಾಯದ ಧ್ವಜಧಾರಿ’, ಅಂದರೆ ಸರ್ಕಾರದ ಮುಖ್ಯಸ್ಥನಾದ.

ಗಮನಿಸಬೇಕಾದದ್ದು ಚೊಂಪಿಗಳ ಬೇಡಿಕೆಯ ಸ್ವರೂಪ. ಅವರು ವೃತ್ತಿಸಂಘದ ವ್ಯವಸ್ಥೆಯನ್ನು ಕೆಡವಲು ಹೊರಟಿರಲಿಲ್ಲ, ಅದರೊಳಗೆ ಸ್ಥಾನ ಕೇಳಿದರು. ಬಣ್ಣಗಾರರಿಗೊಂದು, ಅಂಗಿ ಹೊಲಿಯುವವರಿಗೊಂದು, ಬಡ ಕೂಲಿಗಳಿಗೊಂದು ಹೀಗೆ ಮೂರು ಹೊಸ ಸಂಘಗಳು ಹುಟ್ಟಿದವು. ಆದರೆ ಉಣ್ಣೆ ಮಾಲೀಕರು ಮಗ್ಗ ನಿಲ್ಲಿಸಿದರು, ಹಸಿವು ಹೆಚ್ಚಿತು. ಆಗಸ್ಟ್ 31ರಂದು ಇನ್ನಷ್ಟು ಹಕ್ಕು ಕೇಳಿ ಚೌಕಕ್ಕೆ ಬಂದ ಚೊಂಪಿಗಳನ್ನು ಚದುರಿಸಿದವರಲ್ಲಿ ಮಿಕೆಲೆಯೇ ಮುಂದಿದ್ದ. ಕೂಲಿಗಳ ಸಂಘ ರದ್ದಾಯಿತು.

ಎರಡು ನಗರಗಳ ವ್ಯತ್ಯಾಸ ಮುಖ್ಯವಾಗುವುದು ಇಲ್ಲಿಯೇ. ಕಾರ್ಡಿನಲ್‌ಗಳ ಭಯ ಯುರೋಪಿನ ಆಸ್ಥಾನಗಳಲ್ಲೆಲ್ಲ ವಿಚಾರಣೆಗೆ ಬಂತು. ಕ್ಯಾಸ್ಟಿಲ್‌ನ ರಾಜ ಸಾಕ್ಷಿಗಳ ಹೇಳಿಕೆ ಬರೆಸಿಕೊಂಡು 1381ರಲ್ಲಿ ಕ್ಲೆಮೆಂಟ್‌ನ ಪಕ್ಷ ಸೇರಿದ. ಫ್ರಾನ್ಸ್, ಸ್ಕಾಟ್ಲೆಂಡ್ ಕೂಡ ಆ ಕಡೆಗಿದ್ದವು. ಇಂಗ್ಲೆಂಡ್, ಹಂಗೇರಿ ಅರ್ಬನ್‌ನ ಕಡೆಗೆ. ಸಿಮೊನ್ಚೀನೊವಿನಂಥವರು ಪಟ್ಟ ಭಯವನ್ನು ಹಾಗೆ ಕೇಳಿ ತೂಗುವ ನ್ಯಾಯಸ್ಥಾನ ಎಲ್ಲೂ ಇರಲಿಲ್ಲ. ಪೀಠದ ಒಡಕು 1417ರಲ್ಲಿ ಕಾನ್‌ಸ್ಟಾನ್ಸ್ ಮಹಾಸಭೆಯ ಆಯ್ಕೆಯೊಂದಿಗೆ ಬಗೆಹರಿಯಿತು. ಫ್ಲಾರೆನ್ಸಿನಲ್ಲಿ ಉಳಿದೆರಡು ಹೊಸ ಸಂಘಗಳನ್ನೂ 1382ರ ಜನವರಿಯಲ್ಲಿ ಅಳಿಸಿ, ಸಂಖ್ಯೆಯನ್ನು ಮತ್ತೆ 21ಕ್ಕೆ ಇಳಿಸಲಾಯಿತು.