ಅಡ್ಡ ತಿರುಗಿಸಿದ ಬಟ್ಟೆ

ಟೀ ಶರ್ಟ್ ಕೊಳ್ಳುವಾಗ ಈಗ ಎಲ್ಲರೂ ಕೇಳೋದು ಒಂದೇ: ಎಷ್ಟು ಜಿಎಸ್‌ಎಂ? ಅಂದ್ರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತೆ ಅಂತ. 240 ಇದ್ದರೆ ದಪ್ಪ, ದಪ್ಪ ಇದ್ದರೆ ಒಳ್ಳೇದು ಅನ್ನೋ ಲೆಕ್ಕ.

ದಪ್ಪ ಹತ್ತಿಯ ಕಷ್ಟ ಅಮೆರಿಕದ ಚಾಂಪಿಯನ್ ಕಂಪನಿಗೆ 1930ರ ದಶಕದಲ್ಲೇ ಗೊತ್ತಾಗಿತ್ತು. ಕಾಲೇಜು ಆಟಗಾರರಿಗೆ ಅದು ಮಾಡಿಕೊಡುತ್ತಿದ್ದ ಸ್ವೆಟ್‌ಶರ್ಟ್‌ಗಳು ಲಾಂಡ್ರಿಗೆ ಹೋಗಿಬಂದರೆ ಗಿಡ್ಡ ಆಗ್ತಿದ್ದವು. ಹೆಣೆದ ಬಟ್ಟೆ ತಯಾರಾಗುವಾಗ ಉದ್ದಕ್ಕೆ ಎಳೆಸಿಕೊಂಡಿರುತ್ತೆ. ನೀರು ಬಿದ್ದಾಗ ಆ ಬಿಗಿ ಬಿಟ್ಟು ಕುಗ್ಗುತ್ತೆ. ಅವರು ಬಟ್ಟೆಯನ್ನೇ ಅಡ್ಡ ತಿರುಗಿಸಿ ಕತ್ತರಿಸಿದರು! 1938ರಲ್ಲಿ ಪೇಟೆಂಟ್ ಸಿಕ್ಕಿತು. ಹೆಸರು ರಿವರ್ಸ್ ವೀವ್. (ಅದು ನೇಯ್ಗೆ ಅಲ್ಲವೇ ಅಲ್ಲ, ಹೆಣಿಗೆ. ಇರಲಿ ಬಿಡಿ.) ಉದ್ದ ಉಳಿಯಿತು, ಕುಗ್ಗುವುದು ಅಗಲಕ್ಕೆ ಬಂತು. ಅದಕ್ಕೆ ಪಕ್ಕೆಗಳಲ್ಲಿ ಹಿಗ್ಗುವ ರಿಬ್ ಪಟ್ಟಿ ಕೂರಿಸಿದರು. 1952ರಲ್ಲಿ ಇನ್ನೊಂದು ಪೇಟೆಂಟ್.

ಇದನ್ನು ಓದಿದ ಮೇಲೆ ನಾನು ಜಿಎಸ್‌ಎಂ ಒಂದನ್ನೇ ನಂಬಲ್ಲ. ಹೊಸ ಟೀ ಶರ್ಟಿನ ಉದ್ದ, ಅಗಲ ಅಳೆದಿಟ್ಟು, ಒಗೆದು ಒಣಗಿಸಿ ಮತ್ತೆ ಅಳೀತೀನಿ. ಕತ್ತಿನ ಪಟ್ಟಿ ಜೋತುಬಿದ್ದು, ಪಕ್ಕದ ಹೊಲಿಗೆ ಹೊಟ್ಟೆ ಕಡೆಗೆ ತಿರುಚಿಕೊಂಡಿದ್ದರೆ, 240 ಅಲ್ಲ 300 ಇದ್ದರೂ ಆ ಅಂಗಡಿ ಕಡೆ ಮತ್ತೆ ಹೋಗಲ್ಲ.